ನಾನು ಬರೆದುಕೊಟ್ಟ ಮಾತೃಭಾಷೆ

ನಿಯಮಾವಳಿಗಳನ್ನು ನಾನು ಮೂರು ಸಲ ಓದುತ್ತೇನೆ. ಮೊದಲನೆಯದು ಸುಮ್ಮನೆ ಓದು. ಎರಡನೆಯ ಸಲ ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಮೂರನೆಯ ಸಲ ಅಡಿಗೆರೆ ಎಳೆದ ಸಾಲುಗಳನ್ನು ಮಾತ್ರ ಓದುತ್ತೇನೆ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಎಂ.ಎ.ಗೆ ಹೆಸರು ಹಚ್ಚಿದಾಗ ವಿಶ್ವವಿದ್ಯಾಲಯದಿಂದ ಅಂಚೆಯಲ್ಲಿ ಬಂದ ಪುಸ್ತಿಕೆಯನ್ನೂ ಕುಮಟೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಹೀಗೆಯೇ ಓದಿದೆ.

ಭಾಷಾವಿಜ್ಞಾನ ಮತ್ತು ತತ್ತ್ವಶಾಸ್ತ್ರ ಎರಡೂ ಸೇರಿದ ವ್ಯಾಸಂಗ ಅದು. ಧ್ವನಿ, ಪದ, ವಾಕ್ಯ ಇವುಗಳ ಮೇಲೆ ಒಂದೊಂದು ಪತ್ರಿಕೆ. ತತ್ತ್ವಶಾಸ್ತ್ರದಲ್ಲಿ ತರ್ಕ ಮತ್ತು ಜ್ಞಾನಮೀಮಾಂಸೆ ಕಡ್ಡಾಯ. ಇವುಗಳಲ್ಲಿ ಬೇರೆಬೇರೆಯಾಗಿಯೇ ತೇರ್ಗಡೆಯಾಗಬೇಕು, ಒಂದರ ಅಂಕ ಇನ್ನೊಂದನ್ನು ದಾಟಿಸುವುದಿಲ್ಲ. ಕೊನೆಯಲ್ಲಿ ಕ್ಷೇತ್ರಕಾರ್ಯ: ಅಭ್ಯರ್ಥಿಯದಲ್ಲದ ಒಂದು ಭಾಷೆಯನ್ನು ಆರಿಸಿಕೊಂಡು, ಅದನ್ನಾಡುವ ಒಬ್ಬರ ಮಾತನ್ನು ನಲವತ್ತು ತಾಸು ಧ್ವನಿಮುದ್ರಿಸಿ, ಬರೆದು, ವಿವರಿಸಿ, ಪರೀಕ್ಷಾ ಮಂಡಳಿಯ ಎದುರು ಸಮರ್ಥಿಸಿಕೊಳ್ಳಬೇಕು. ಹೀಗೆ ತನ್ನ ಭಾಷೆಯನ್ನು ಆಡಿ ತೋರಿಸುವವರನ್ನು ಈ ಶಾಸ್ತ್ರದಲ್ಲಿ ವಕ್ತೃ ಎಂದು ಕರೆಯುತ್ತಾರೆ. ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು: ‘ಅಧ್ಯಯನದ ಭಾಷೆಯು ವಕ್ತೃವಿನ ಮಾತೃಭಾಷೆಯಾಗಿರತಕ್ಕದ್ದು, ಅದಕ್ಕೆ ಅಧಿಕೃತ ದಾಖಲೆಯನ್ನು ಲಗತ್ತಿಸತಕ್ಕದ್ದು.’ ಅದರ ಕೆಳಗೆ ಎರಡು ಗೆರೆ ಎಳೆದೆ. ನನಗೆ ಅದು ಮೆಚ್ಚಿಗೆಯಾಗಿತ್ತು. ನಿಯಮ ಬರೆಯುವ ಕೆಲಸ ನನಗೆ ಸಿಕ್ಕಿದ್ದರೆ ನಾನೂ ಅದನ್ನು ಅಷ್ಟೇ ಬಿಗಿಯಾಗಿ ಬರೆಯುತ್ತಿದ್ದೆ.

ನನ್ನ ಯಜಮಾನರು ಚಹಾ ಲೋಟ ಹಿಡಿದುಕೊಂಡು ಬಂದು ಪುಸ್ತಿಕೆಯನ್ನು ಇಣುಕಿ ನೋಡಿದರು.

“ಇಷ್ಟು ವರ್ಷ ಮಕ್ಕಳ ಪರೀಕ್ಷೆ ಮಾಡಿ ಸಾಕಾಜಿಲ್ಯ? ಈಗ ನಿಂಗೇ ಪರೀಕ್ಷೆ ಬೇಕಾತ?”

“ಬೇಕಾತು,” ಎಂದೆ.

“ಫೇಲಾದ್ರೆ?”

“ಫೇಲಾದವ್ವು ಎಂತ ಮಾಡ್ತ ಹೇಳಿ ಇಪ್ಪತ್ತಾರು ವರ್ಷ ನೋಡಿದ್ದಿ. ಮತ್ತೆ ಕಟ್ತ.”

ಅವರು ನಕ್ಕರು. ನಾನು ನಗಲಿಲ್ಲ. ಭಟ್ಕಳದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ ಸ್ವಯಂನಿವೃತ್ತಿ ಪಡೆದವಳು ನಾನು. ವಾಕ್ಯದ ತಪ್ಪನ್ನು ಅದು ಮುಗಿಯುವ ಮೊದಲೇ ಕಂಡುಹಿಡಿಯುವವಳು ಎಂಬ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆದರೆ ಭಾಷೆಯೆಂದರೆ ಏನು ಎಂದು ಯಾರಾದರೂ ಕೇಳಿದ್ದರೆ ಪಠ್ಯಪುಸ್ತಕದ ಮೊದಲ ಪಾಠದ ಮೊದಲ ಸಾಲನ್ನೇ ಹೇಳುತ್ತಿದ್ದೆ. ಅಷ್ಟರಿಂದ ತೃಪ್ತಳಾಗಿ ಸಾಯಲು ನನಗೆ ಇಷ್ಟವಿರಲಿಲ್ಲ. ಈ ಪದವಿ ನನಗೆ ಬೇಕಿತ್ತು. ಯಾವ ಕೆಲಸಕ್ಕೂ ಅಲ್ಲ, ಬಡ್ತಿಗೂ ಅಲ್ಲ. ಬೇಕಿತ್ತು, ಅಷ್ಟೇ.

ತರ್ಕದಲ್ಲಿಯೂ ಜ್ಞಾನಮೀಮಾಂಸೆಯಲ್ಲಿಯೂ ನಾನು ಮೊದಲ ಸಲವೇ ತೇರ್ಗಡೆಯಾದೆ. ಉಳಿದದ್ದು ಕ್ಷೇತ್ರಕಾರ್ಯ.

ವಕ್ತೃ ಸಿಕ್ಕಿದ್ದು ಹೊನ್ನಾವರದಲ್ಲಿ, ಒಂದು ಹೊಲಿಗೆ ಅಂಗಡಿಯಲ್ಲಿ. ನಾದಿನಿಯ ಮನೆಗೆ ಹೋಗಿದ್ದಾಗ ಒಂದು ಸೀರೆಗೆ ಫಾಲ್ ಹಚ್ಚಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಮೆಶಿನ್ನಿನ ಸಣ್ಣ ಅಂಗಡಿ. ಒಳಗಿದ್ದವಳು ಫೋನಿನಲ್ಲಿ ಯಾರೊಡನೆಯೋ ಕೊಂಕಣಿಯಲ್ಲಿ ಜಗಳವಾಡುತ್ತಿದ್ದಳು. ನನ್ನನ್ನು ಕಂಡವಳೇ ಫೋನು ಕೆಳಗಿಟ್ಟು ಎದ್ದು ನಿಂತಳು. ಎದ್ದು ನಿಂತ ರೀತಿಯಿಂದಲೇ ನನ್ನ ವಿದ್ಯಾರ್ಥಿನಿಯೆಂದು ತಿಳಿಯಿತು.

“ಅಕ್ಕೋರೇ, ಗುರುತು ಸಿಕ್ಕಿತಾ? ನಾನು ಬಂದರಿನವಳು. ಕೊನೇ ಬೆಂಚು.”

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಭಟ್ಕಳ ಬಂದರಿನ ಮೀನುಗಾರರ ಕೇರಿಯಿಂದ ಬರುತ್ತಿದ್ದ ಹುಡುಗಿ ಅವಳು. ಮದುವೆಯಾಗಿ ಹೊನ್ನಾವರಕ್ಕೆ ಬಂದು ಹದಿನೈದು ವರ್ಷಗಳ ಮೇಲಾಗಿತ್ತು. ನಾನು ಅವಳನ್ನು ನೋಡುತ್ತಿರಲಿಲ್ಲ, ಅವಳು ಫೋನಿನಲ್ಲಿ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿತ್ತು. ನಾನು ಓದಿದ ಯಾವ ವ್ಯಾಕರಣದಲ್ಲಿಯೂ ಇಲ್ಲದ, ಆದರೆ ಒಂದು ಕ್ರಿಯಾಪದವೂ ಜಾಗ ತಪ್ಪದ ಮಾತು. ಅಲ್ಲಿಯೇ ನಿಂತು ನನ್ನ ವ್ಯಾಸಂಗದ ವಿಷಯ ಹೇಳಿ, ನೀನು ನನಗೆ ಕೊಂಕಣಿ ಮಾತಾಡಿ ತೋರಿಸಬೇಕು ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನಗುವುದಕ್ಕೆ ತೊಡಗಿದಳು.

“ನೀವಾ? ನಿಮ್ಮೆದುರು ಕೊಂಕಣಿ ಮಾತಾಡೂದಾ?”

ಹೇಳಿದವಳು ಮೆಶಿನ್ನಿನ ಹಲಗೆಯ ಮೇಲಿಂದ ಒಂದು ವಸ್ತುವನ್ನು ಎತ್ತಿ ತೋರಿಸಿದಳು. ಅಂಚು ಸವೆದ ಮರದ ಅಡಿಪಟ್ಟಿ. ಹಿಂಬದಿಯಲ್ಲಿ ನೀಲಿ ಮಸಿಯಲ್ಲಿ ನಾನೇ ಬರೆದ ತರಗತಿಯ ಸಂಖ್ಯೆ.

ಇದನ್ನು ವಿವರಿಸಬೇಕು. ನನ್ನ ತರಗತಿಯಲ್ಲಿ ಒಂದು ಪದ್ಧತಿಯಿತ್ತು, ಅದನ್ನು ನಾನೇ ರೂಢಿಸಿದ್ದು. ಶಾಲೆಯ ಆವರಣದಲ್ಲಿ ಯಾರು ಮನೆಮಾತು ಆಡುತ್ತಾರೋ ಅವರ ಕೈಗೆ ಆ ಅಡಿಪಟ್ಟಿ. ಅದನ್ನು ಹಿಡಿದವರು ಕಿವಿ ತೆರೆದುಕೊಂಡು ಓಡಾಡಬೇಕು. ಇನ್ನೊಬ್ಬರು ಕೊಂಕಣಿಯನ್ನೋ ಭಟ್ಕಳದ ಮುಸ್ಲಿಮರ ನವಾಯತಿಯನ್ನೋ ಆಡಿದ್ದು ಕೇಳಿದರೆ ಅವರ ಕೈಗೆ ದಾಟಿಸಬೇಕು. ಸಂಜೆ ಗಂಟೆ ಹೊಡೆಯುವಾಗ ಅದು ಯಾರ ಬಳಿ ಉಳಿಯುತ್ತದೆಯೋ ಅವರು ಮರುದಿನ ಎರಡು ಪುಟ ಶುದ್ಧಬರಹ ಬರೆದು ತರಬೇಕು. ನಾನು ಯಾರನ್ನೂ ಹೊಡೆಯಲಿಲ್ಲ. ಹೊಡೆಯದೆ ಭಾಷೆ ತಿದ್ದಿದೆನೆಂದು ಸಹೋದ್ಯೋಗಿಗಳ ಎದುರು ಹೇಳಿಕೊಳ್ಳುತ್ತಿದ್ದೆ. ನಮ್ಮ ತೋಟದ ಮನೆಗಳ ಆಡುಮಾತಿನ ‘ಬತ್ತೆ, ಇಲ್ಲೆ’ಗಳನ್ನು ನಾನೂ ಶಾಲೆಯ ಗೇಟಿನ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದೆ; ಆದುದರಿಂದ ಅದು ನ್ಯಾಯವೆಂದೇ ತಿಳಿದಿದ್ದೆ. ಆದರೆ ನನ್ನ ಕೈಗೆ ಅಡಿಪಟ್ಟಿ ಕೊಡುವ ಧೈರ್ಯ ಯಾರಿಗೂ ಇರಲಿಲ್ಲವೆಂಬುದು ಆಗ ಹೊಳೆದಿರಲಿಲ್ಲ.

“ಕೊನೇ ದಿವಸ ನನ್ನ ಹತ್ರ ಉಳೀತು,” ಎಂದಳು. “ಮರುದಿವಸ ಶಾಲೆಯೇ ಇರ್ಲಿಲ್ಲ. ಇಟ್ಕೊಂಡೆ. ಬ್ಲೌಸಿನ ಕತ್ತು ಗುರುತು ಮಾಡೂಕೆ ಚಲೋ ಆತು.”

ಅವಳು ಒಪ್ಪಿದಳು. ಒಂದು ಕರಾರು ಹಾಕಿದಳು: ತಾನು ಕೆಲಸ ನಿಲ್ಲಿಸುವುದಿಲ್ಲ, ಹೊಲಿಯುತ್ತ ಮಾತಾಡುತ್ತೇನೆ. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ, ವಾರಕ್ಕೆ ಎರಡು ಸಲ, ನಾನು ಕುಮಟೆಯಿಂದ ಬಸ್ಸಿನಲ್ಲಿ ಹೋಗಿ ಆ ಅಂಗಡಿಯ ಸ್ಟೂಲಿನ ಮೇಲೆ ಕೂರತೊಡಗಿದೆ.

ಮೊದಲ ಎಂಟು ತಾಸುಗಳು ವ್ಯರ್ಥವಾದವು, ನನ್ನಿಂದಲೇ. ಅವಳು ನನ್ನೆದುರು ತೊಳೆದಿಟ್ಟ ಕೊಂಕಣಿಯನ್ನು ಮಾತಾಡುತ್ತಿದ್ದಳು, ಪೇಟೆಯ ದೊಡ್ಡ ಅಂಗಡಿಗಳವರ ಕೊಂಕಣಿ, ಬಂದರಿನದ್ದಲ್ಲ. ನನಗೆ ಅದು ತಿಳಿಯಲೂ ಇಲ್ಲ. ಒಂದು ದಿನ ಅವಳ ತಾಯಿ ಭಟ್ಕಳದಿಂದ ಬಂದವರು ಬಾಗಿಲಲ್ಲಿ ಕುಳಿತು ಐದು ನಿಮಿಷ ಕೇಳಿದರು.

“ಇದು ಯಾರ ಮಾತು ಆಡ್ತಾ ಇದ್ದೀಯೇ?” ಎಂದು ಕನ್ನಡದಲ್ಲಿಯೇ, ನನಗೂ ಅರ್ಥವಾಗಲೆಂದು, ಮಗಳನ್ನು ಕೇಳಿದರು.

“ಅಕ್ಕೋರು ಬರ್ಕೊಳ್ತಾರಲ್ಲೇ ಅಮ್ಮ. ಚಂದ ಮಾಡಿ ಹೇಳ್ಬೇಕಲ್ಲ.”

“ಚಂದ ಎಂತದು? ನೀನು ಹುಟ್ಟಿದಾಗ ನಾನು ಹೀಗೆ ಮಾತಾಡಿದ್ನಾ?”

ಆ ಎಂಟು ತಾಸುಗಳನ್ನು ನಾನು ಅಳಿಸಿದೆ, ಹೊಸದಾಗಿ ಮೊದಲಿಟ್ಟೆವು. ತಾಯಿ ಇದ್ದ ಆ ವಾರ ಅವರಿಬ್ಬರೂ ನನ್ನನ್ನು ಮರೆತು ಮಾತಾಡಿದರು: ದೋಣಿ, ಬಲೆ, ಅತ್ತೆಯ ಮನೆ, ನೆರೆಯವಳ ಮಗಳ ಮದುವೆ. ನಾನು ಬಾಯಿ ಮುಚ್ಚಿಕೊಂಡು ಬರೆದೆ. ನನ್ನ ಬದುಕಿನಲ್ಲಿ ಅಷ್ಟು ದೀರ್ಘಕಾಲ ಯಾರ ಮಾತನ್ನೂ ತಿದ್ದದೆ ಕುಳಿತದ್ದು ಅದೇ ಮೊದಲು. ಆರು ತಿಂಗಳಲ್ಲಿ ನಲವತ್ತು ತಾಸು ತುಂಬಿತು. ನೂರೈವತ್ತು ಪುಟದ ವಿವರಣೆ ಸಿದ್ಧವಾಯಿತು. ದಾಖಲೆಯೊಂದು ಬಾಕಿ.

ಅವಳ ಬಳಿ ಮಾತೃಭಾಷೆಯನ್ನು ನಮೂದಿಸಿದ ಕಾಗದ ಒಂದೇ ಇತ್ತು, ಶಾಲೆ ಬಿಡುವಾಗ ಕೊಟ್ಟ ವರ್ಗಾವಣೆ ಪತ್ರ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟದ್ದನ್ನು ತಂದು ನನ್ನ ಮುಂದೆ ಬಿಡಿಸಿದಳು. ಹೆಸರು, ತಂದೆಯ ಹೆಸರು, ಜನ್ಮದಿನಾಂಕ. ಅದರ ಕೆಳಗೆ, ಮಾತೃಭಾಷೆ: ಕನ್ನಡ.

ಅಕ್ಷರ ನನ್ನದು. ಒತ್ತಕ್ಷರದ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎಳೆಯುವುದು ನನ್ನ ಅಭ್ಯಾಸ. ಯಾರೂ ಸಂಶಯ ಪಡುವಂತಿರಲಿಲ್ಲ.

“ಗೊತ್ತಿತ್ತಾ ನಿಂಗೆ?” ಎಂದು ಕೇಳಿದೆ.

“ಗೊತ್ತಿಲ್ದೆ ಏನು? ಅಮ್ಮ ಹೆಸರು ಹಚ್ಚೂಕೆ ಬಂದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ನೀವು ಕೇಳ್ಲಿಲ್ಲ. ಬರೆದ್ರಿ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅಮ್ಮ ಹೇಳಿದ್ಲು, ಅಕ್ಕೋರು ಬರೆದ್ರೆ ಸರಿಯೇ ಇರ್ತದೆ ಅಂತ.”

ಹೌದು, ನಾನು ಕೇಳುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ದಾಖಲಾತಿ ವಹಿ ನನ್ನ ಸುಪರ್ದಿಯಲ್ಲಿರುತ್ತಿತ್ತು; ಅದನ್ನೇ ನೋಡಿ ವರ್ಗಾವಣೆ ಪತ್ರಗಳನ್ನೂ ನಾನೇ ಬರೆಯುತ್ತಿದ್ದೆ. ತಾಯಂದಿರ ಸಾಲು ವರಾಂಡದ ಆಚೆಯವರೆಗೂ ಇರುತ್ತಿತ್ತು. ಕನ್ನಡ ಶಾಲೆಗೆ ಬಂದ ಮಗುವಿನ ಭಾಷೆ ಕನ್ನಡ ಎಂದು ಬರೆದುಬಿಡುವುದು ಶುಚಿಯಾಗಿಯೂ ಬೇಗನೆಯೂ ಆಗುತ್ತಿತ್ತು. ಮಗುವಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆಯೂ ಇತ್ತು. ಎಷ್ಟು ಮಕ್ಕಳಿಗೆ ಹೀಗೆ ಬರೆದೆನೋ ನಾನು ಎಣಿಸಿಲ್ಲ.

ವಿಶ್ವವಿದ್ಯಾಲಯದ ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ ನಿಜ ಹೇಳಿದೆ. ನನಗಿಂತ ಹತ್ತು ವರ್ಷ ಚಿಕ್ಕವರಾದ ಆ ಪ್ರಾಧ್ಯಾಪಕರು ಪತ್ರದ ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

“ಮೇಡಂ, ಈ ದಾಖಲೆ ಕೊಟ್ಟರೆ ಮಂಡಳಿ ನಿಮ್ಮ ಅಧ್ಯಯನವನ್ನೇ ತಿರಸ್ಕರಿಸಬಹುದು. ಕೊಂಕಣಿ ವಕ್ತೃವಿನ ಮಾತೃಭಾಷೆಯೇ ಅಲ್ಲ ಅಂತ ಕಾಗದವೇ ಹೇಳ್ತದಲ್ಲ. ವಹಿಯನ್ನು ತಿದ್ದಿಸಲಿಕ್ಕೆ ಆಗ್ತದಾ ನೋಡಿ.”

ನಾನು ಭಟ್ಕಳಕ್ಕೆ ಹೋದೆ. ನನ್ನದೇ ಶಾಲೆಯ ಕಚೇರಿಯಲ್ಲಿ, ನನ್ನದೇ ಹಳೆಯ ಕುರ್ಚಿಯ ಎದುರು ನಿಂತು ಅರ್ಜಿ ಕೊಟ್ಟೆ. ವಿದ್ಯಾರ್ಥಿ ಶಾಲೆ ಬಿಟ್ಟ ಮೇಲೆ ವಹಿಯಲ್ಲಿ ತಿದ್ದುಪಡಿ ಮಾಡಲು ಬರುವುದಿಲ್ಲ ಎಂದು ಗುಮಾಸ್ತರು ಹೇಳಿದರು. “ಈ ನಿಯಮ ನಮಗೆ ಕಲಿಸಿದವರೇ ನೀವಲ್ವಾ ಅಕ್ಕೋರೇ,” ಎಂದೂ ಸೇರಿಸಿದರು. ಅದೂ ನಿಜವೇ.

ಮಾರ್ಗದರ್ಶಕರಿಗೆ ಮತ್ತೆ ಫೋನು ಮಾಡಿದೆ. ಈ ಸಲ ಅವರು ದನಿ ತಗ್ಗಿಸಿದರು.

“ಹಾಗಾದರೆ ಸುಲಭದ ದಾರಿ ಹೇಳ್ತೇನೆ. ಕೊಂಕಣಿ ಅಂತ ದಾಖಲೆ ಇರುವ ಬೇರೆ ಯಾರಾದರೂ ನಿಮ್ಮ ಪರಿಚಯದಲ್ಲಿ ಇರ್ತಾರೆ. ಅವರ ಹೆಸರು, ಅವರ ಕಾಗದ ಹಾಕಿ. ಧ್ವನಿಮುದ್ರಣ ಯಾರು ಕೂತು ಕೇಳ್ತಾರೆ?”

“ನಾನು ಕೇಳಿದ್ದೇನೆ,” ಎಂದೆ.

ಅಂದು ರಾತ್ರಿ ಊಟದ ಹೊತ್ತಿಗೆ ಯಜಮಾನರೂ ಅದೇ ಹೇಳಿದರು. “ಕೊಂಕಣಿ ಮಾತಾಡವ್ವು ಊರು ತುಂಬ ಇದ್ದ. ಬೇರೆ ಒಬ್ರನ್ನ ಹುಡುಕಿದ್ರಾತು. ಆರು ತಿಂಗಳು ಹೋತು ಹೇಳಿ ತಿಳ್ಕ.”

“ಅದು ಆಗ್ತಿಲ್ಲೆ.”

“ಎಂತಕ್ಕೆ ಆಗ್ತಿಲ್ಲೆ? ಡಿಗ್ರಿ ಬೇಡ್ದ ನಿಂಗೆ?”

“ಡಿಗ್ರಿ ಬೇಕು. ಇದೇ ಪುಸ್ತಕಕ್ಕೆ ಬೇಕು. ಅವಳ ಮಾತಿಗೆ ಎರಡನೇ ಸಲ ನಾ ಬೇರೆ ಹೆಸರು ಬರೀತ್ನಿಲ್ಲೆ.”

ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ತಂಬುಳಿ ಹಾಕಿದರು. ನಮ್ಮ ಮನೆಯಲ್ಲಿ ಅದನ್ನೇ ಒಪ್ಪಿಗೆಯೆಂದು ತಿಳಿಯಬೇಕು.

ನಾನು ವರ್ಗಾವಣೆ ಪತ್ರದ ಪ್ರತಿಯನ್ನು ಹಾಗೆಯೇ ಲಗತ್ತಿಸಿದೆ. ಅದರ ಹಿಂದೆ ಒಂದು ಪುಟದ ಹೇಳಿಕೆಯನ್ನು ಸೇರಿಸಿದೆ. ಟೈಪು ಮಾಡಿಸಲಿಲ್ಲ, ಕೈಬರಹ ಹೋಲಿಸಿ ನೋಡಲಿ ಎಂದು ಕೈಯಲ್ಲೇ ಬರೆದೆ. ಈ ನಮೂದು ತಪ್ಪು, ಇದನ್ನು ಬರೆದವಳು ನಾನು, ವಿಚಾರಿಸದೆ ಬರೆದೆ ಎಂಬುದು ಅದರ ಸಾರಾಂಶ. ಮೂರು ಸಲ ಓದಿ ಸಹಿ ಹಾಕಿದೆ.

ಮಂಡಳಿಯಲ್ಲಿ ಮೂವರಿದ್ದರು. ಅಧ್ಯಕ್ಷರು ನನ್ನ ನೂರೈವತ್ತು ಪುಟಗಳನ್ನು ಬದಿಗಿಟ್ಟು ಆ ಒಂದು ಪುಟವನ್ನೇ ಹಿಡಿದುಕೊಂಡಿದ್ದರು.

“ಅಧಿಕೃತ ದಾಖಲೆ ಕನ್ನಡ ಎನ್ನುತ್ತದೆ. ನೀವು ಕೊಂಕಣಿ ಎನ್ನುತ್ತೀರಿ. ಮಂಡಳಿ ಯಾವುದನ್ನು ನಂಬಬೇಕು?”

ಅದಕ್ಕೆ ಉತ್ತರವನ್ನು ನಿಮ್ಮದೇ ಪಠ್ಯಕ್ರಮ ನನಗೆ ಕಲಿಸಿದೆ ಎಂದೆ. ಜ್ಞಾನಮೀಮಾಂಸೆಯ ಪತ್ರಿಕೆಗೆಂದು ನಾನು ಪ್ರಮಾಣಗಳನ್ನು ಓದಿದ್ದೆ. ಕಣ್ಣಾರೆ ಕಾಣುವುದು ಪ್ರತ್ಯಕ್ಷ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದು ಅನುಮಾನ. ನಂಬತಕ್ಕವರು ಹೇಳಿದ್ದು ಶಬ್ದ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವರಿಗೆ ವಿಷಯ ತಿಳಿದಿರಬೇಕು, ತಿಳಿದದ್ದನ್ನು ಇದ್ದಂತೆಯೇ ಹೇಳುವ ಮನಸ್ಸೂ ಇರಬೇಕು.

“ಈ ಕಾಗದಕ್ಕಿರುವ ಅಧಿಕಾರವೆಲ್ಲ ಅದನ್ನು ಬರೆದ ಶಿಕ್ಷಕಿಯದು,” ಎಂದೆ. “ಆ ಶಿಕ್ಷಕಿಗೆ ವಿಷಯ ತಿಳಿದಿರಲಿಲ್ಲ. ತಿಳಿದವರು ಎದುರಿಗೇ ನಿಂತಿದ್ದರು, ಅವರನ್ನು ಅವಳು ಕೇಳಲಿಲ್ಲ. ಇದಕ್ಕೆ ನನಗಿಂತ ಉತ್ತಮ ಸಾಕ್ಷಿ ನಿಮಗೆ ಸಿಗುವುದಿಲ್ಲ, ಏಕೆಂದರೆ ಆ ಶಿಕ್ಷಕಿ ನಾನು. ವಕ್ತೃವಿನ ನಲವತ್ತು ತಾಸುಗಳ ಮಾತು ಅಲ್ಲಿದೆ. ಅದು ಪ್ರತ್ಯಕ್ಷ. ಕೇಳಬಹುದು.”

“ನಿಯಮ ನಿಯಮವೇ ಅಲ್ಲವೇ?” ಎಂದು ಇನ್ನೊಬ್ಬ ಸದಸ್ಯರು ಕೇಳಿದರು.

“ಹೌದು, ನಾನು ಅದಕ್ಕೆ ಎರಡು ಅಡಿಗೆರೆ ಎಳೆದವಳು. ನಿಯಮ ದಾಖಲೆ ಲಗತ್ತಿಸಬೇಕು ಎಂದಿದೆ, ಲಗತ್ತಿಸಿದ್ದೇನೆ. ದಾಖಲೆ ಸುಳ್ಳಾಗಿದ್ದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಹೇಳದಿರುವ ಕಡೆ ನಾನು ನಿಜ ಬರೆದಿದ್ದೇನೆ. ಬೇರೆಯವರ ಕಾಗದ ತಂದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ತರಲಿಲ್ಲ. ತರುವುದೂ ಇಲ್ಲ.”

ಆ ಮಾತಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಗಡಸು ಇತ್ತೆಂದು ನನಗೆ ಗೊತ್ತು. ನನ್ನ ಮಾರ್ಗದರ್ಶಕರು ಕಿಟಕಿಯ ಕಡೆ ನೋಡುತ್ತಿದ್ದರು. ಅಧ್ಯಕ್ಷರು ನನ್ನನ್ನು ಹೊರಗೆ ಕೂರಲು ಹೇಳಿದರು. ಬಾಗಿಲಿನ ಆಚೆಯಿಂದ, ಬಹಳ ಹೊತ್ತಿನ ಮೇಲೆ, ಧ್ವನಿಮುದ್ರಣದ ಸದ್ದು ಕೇಳಿಸಿತು: ಹೊಲಿಗೆ ಮೆಶಿನ್ನು ಓಡಿ ನಿಂತದ್ದು, ತಾಯಿ ಮಗಳ ನಗೆ.

ಅಧ್ಯಯನವನ್ನು ಅಂಗೀಕರಿಸಿದರು. ದಾಖಲೆಯ ಅಂಶದಲ್ಲಿ ನಿಯಮ ಪೂರ್ಣವಾಗಿ ಪಾಲನೆಯಾಗಿಲ್ಲವೆಂದು ಅಂಕ ಕಡಿತವಾಯಿತು. ಒಟ್ಟಿನಲ್ಲಿ ನನಗೆ ದ್ವಿತೀಯ ದರ್ಜೆ ಬಂತು. ಒಂದನೆಯ ತರಗತಿಯಿಂದ ಬಿ.ಎಡ್.ವರೆಗೆ ನಾನು ದ್ವಿತೀಯ ದರ್ಜೆಯನ್ನು ಕಂಡವಳಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಬಹುದೆಂದರು. ನಾನು ಹಾಕಲಿಲ್ಲ. ಆ ಅಂಕಗಳು ಎಲ್ಲಿ ಹೋದವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೋದದ್ದು ಸರಿಯಾದ ಜಾಗಕ್ಕೇ.

ಒಂದು ಪ್ರತಿಯನ್ನು ರಟ್ಟು ಕಟ್ಟಿಸಿ ಹೊನ್ನಾವರಕ್ಕೆ ಒಯ್ದೆ. ಅವಳು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಪುಟ ತಿರುವಿ, ಕನ್ನಡ ಲಿಪಿಯಲ್ಲಿ ತನ್ನದೇ ಮಾತನ್ನು ಓದಿ, ಒಂದೆರಡು ಕಡೆ ತುಟಿ ಬಿಗಿದು ನಕ್ಕಳು.

“ಅಮ್ಮ ಅತ್ತೆಗೆ ಬೈದದ್ದೂ ಬರೆದಿದ್ದೀರಲ್ಲ.”

“ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ.”

ಚಹಾ ತರಿಸುತ್ತೇನೆ ಎಂದಳು. ನಾನು ಆರು ತಿಂಗಳು ಕಿವಿಯಲ್ಲಿ ತುಂಬಿಕೊಂಡಿದ್ದನ್ನು ಬಾಯಿಗೆ ತಂದು, ಬೇಡ, ಊಟ ಮುಗಿಸಿಕೊಂಡೇ ಬಂದಿದ್ದೇನೆ, ನಿನಗೂ ತಾಯಿಗೂ ನಾನು ಋಣಿ ಎಂಬಷ್ಟನ್ನು ಕೊಂಕಣಿಯಲ್ಲಿ ಹೇಳಿದೆ. ಬಂದರಿನ ಕೊಂಕಣಿಯಲ್ಲಿ, ಎರಡು ಕಡೆ ತಡವರಿಸಿ.

ಅವಳು ಮೆಶಿನ್ನಿನ ಹಲಗೆಯ ಮೇಲಿದ್ದ ಅಡಿಪಟ್ಟಿಯನ್ನು ಎತ್ತಿ, ಸೀಮೆಸುಣ್ಣದ ಹುಡಿ ಒರೆಸಿ, ನನ್ನ ಕೈಯಲ್ಲಿಟ್ಟಳು.

“ಪದ್ಧತಿ ನಿಮ್ಮದೇ ಅಕ್ಕೋರೇ. ಕೊಂಕಣಿ ಮಾತಾಡಿದವ್ರಿಗೆ.”

“ನಿನಗೆ ಬ್ಲೌಸಿಗೆ ಬೇಕಲ್ಲ?”

“ಸ್ಟೀಲಿನದು ತಕ್ಕೊಂಡೆ. ಇದನ್ನ ಇನ್ನು ಯಾರಿಗೂ ದಾಟಿಸ್ಬೇಡಿ, ಆತಾ?”

“ಆತು,” ಎಂದೆ.

ಅದು ಈಗ ನನ್ನ ಮೇಜಿನ ಮೇಲಿದೆ. ಅದನ್ನು ಒತ್ತಿ ಹಿಡಿದು ನಾನು ಶಿಕ್ಷಣ ಇಲಾಖೆಯ ಮೇಲಧಿಕಾರಿಗಳಿಗೆ ಮೂರನೆಯ ಅರ್ಜಿಯ ಗೆರೆಗಳನ್ನು ಎಳೆಯುತ್ತಿದ್ದೇನೆ. ಮೊದಲ ಎರಡಕ್ಕೂ ಒಂದೇ ಉತ್ತರ ಬಂದಿದೆ: ಶಾಲೆ ಬಿಟ್ಟವರ ನಮೂದನ್ನು ತಿದ್ದಲು ಅವಕಾಶವಿಲ್ಲ. ಈ ಸಲ ನಾನು ಒಬ್ಬಳ ನಮೂದನ್ನು ಕೇಳಿಲ್ಲ. ನನ್ನ ಅಕ್ಷರದಲ್ಲಿರುವ ಎಲ್ಲ ವಹಿಗಳ ವರ್ಷಗಳನ್ನೂ ಕ್ರಮವಾಗಿ ಬರೆದಿದ್ದೇನೆ. ಪ್ರತಿ ಮನೆಗೂ ಹೋಗಿ ಕೇಳುವ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ ಎಂದೂ ಬರೆದಿದ್ದೇನೆ. ಇದಕ್ಕೂ ಅವರು ಅದೇ ಉತ್ತರ ಕಳಿಸಬಹುದು. ಕಳಿಸಲಿ. ಅವರ ಅಪ್ಪಣೆಗೆ ಕಾಯದೆ ಬಂದರಿನ ಕೇರಿಯಿಂದ ಆರಂಭಿಸಿದ್ದೇನೆ, ಹನ್ನೊಂದು ಮನೆಗಳು ಆಗಿವೆ. ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.